ಇಗರ್ಜಿ ಶಾಲೆಯ ಪ್ಲಸ್ ವನ್ ಸೀಟು: ಟೈಲರಮ್ಮನ ರಿವ್ಯೂ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಎರಡು ಮೆಷಿನ್, ಒಂದು ಓವರ್‌ಲಾಕ್, ಕಟ್ಟಿಂಗ್ ಟೇಬಲ್ ಮೇಲೆ ಸದಾ ಯಾರದ್ದಾದರೂ ಮಗುವಿನ ಯೂನಿಫಾರ್ಮ್. ಈಗ ಹೇಳಹೊರಟ ಶಾಲೆಯ ಹುಡುಗಿಯರ ಚೂಡಿದಾರ್, ಓವರ್‌ಕೋಟ್ ನಾನು ಹತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಕೋಟಿನ ಕಾಲರಿಗೆ ಎಷ್ಟು ಇಂಚು ಕ್ಯಾನ್‌ವಾಸ್ ಬೇಕು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಆ ಶಾಲೆಯ ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ಕ್ಲಾಸಿಗೆ, ಮಗು ಹೋಗುವುದು ಹೇಗೆ ಅಂತ ಮಾತ್ರ ನನ್ನ ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಗೊತ್ತಿರಲಿಲ್ಲ.

ಶಾಲೆ ಇಗರ್ಜಿಯವರದ್ದು, ಏಡೆಡ್ (ಆಡಳಿತ ಅವರದ್ದು, ಅನುದಾನ ಸರಕಾರದ್ದು), ನಮ್ಮ ಮಂಜೇಶ್ವರ ತಾಲೂಕು ದಾಟಿ ಆಚೆ. ಹೆಸರು ಹಾಕುವುದಿಲ್ಲ. ನನಗೆ ಅಲ್ಲಿಯ ಗಿರಾಕಿಗಳು ಬೇಕು, ಮಗಳು ಅಲ್ಲಿ ಇನ್ನೂ ಓದಬೇಕು. ಹೊಗಳಿಕೆ, ತಕರಾರು ಎರಡೂ ಉಂಟು ಈ ಬರಹದಲ್ಲಿ.

ಮೊದಲು ನಾವು ಮಾಡಿದ ದಡ್ಡತನ. ಫಲಿತಾಂಶ ಬರುವ ಮೊದಲೇ, ಎಪ್ರಿಲ್ ಕೊನೆಗೆ, ನಾನು ಮಗಳನ್ನು ಕರೆದುಕೊಂಡು ಆ ಶಾಲೆಯ ಆಫೀಸಿಗೆ ಹೋದೆ. ಉಪ್ಪಳಕ್ಕೆ ಒಂದು ಬಸ್ಸು, ಅಲ್ಲಿಂದ ಹೈವೇ ಕೆಲಸದ ಧೂಳು ಕುಡಿಯುತ್ತಾ ಸರ್ವೀಸ್ ರೋಡಿನಲ್ಲಿ ಇನ್ನೊಂದು. ಸಿಸ್ಟರನ್ನು ಕಂಡು ಮಾತಾಡಿದರೆ ಸೀಟು ಬರೆದಿಡುತ್ತಾರೆ ಅಂತ ನನ್ನ ಎಣಿಕೆ. ಕೌಂಟರಿನ ಹುಡುಗ ತಲೆ ಎತ್ತದೆ ಕೇಳಿದ, "ಮೆರಿಟಾ, ಕಮ್ಯುನಿಟಿಯಾ, ಮ್ಯಾನೇಜ್‌ಮೆಂಟಾ?" ನಾನು ಅಂದೆ, "ಪ್ಲಸ್ ವನ್." ಹಿಂದೆ ನಿಂತಿದ್ದವರು ನಕ್ಕರು. ಮ್ಯಾನೇಜ್‌ಮೆಂಟ್ ಕೋಟಾ ಆದರೆ ಫಾರಂ ಇಲ್ಲೇ ತೆಗೆದುಕೊಳ್ಳಬೇಕು, ಉಳಿದದ್ದನ್ನು ಮೇನೇಜರ್ ಫಾದರ್ ಹತ್ತಿರ ಮಾತಾಡಬೇಕು ಅಂದ. ಆ "ಉಳಿದದ್ದು" ಎಷ್ಟು ಅಂತ ಅವನೂ ಹೇಳಲಿಲ್ಲ, ಗೋಡೆಯ ಮೇಲೂ ಬರೆದಿರಲಿಲ್ಲ. ಬೆಲೆ ಕೇಳಿದರೆ "ಮತ್ತೆ ನೋಡುವ" ಅನ್ನುವ ಸೀರೆ ಅಂಗಡಿಗೆ ನಾನು ಎರಡನೇ ಸಲ ಕಾಲಿಡುವುದಿಲ್ಲ. ಫಾರಂ ತೆಗೆದುಕೊಳ್ಳದೆ ಬಂದೆ. ಆಫೀಸಿಗೆ ಐದರಲ್ಲಿ ಎರಡು ನಕ್ಷತ್ರ. ಒಂದು, ಬಂದವರಿಗೆ ಕುಡಿಯಲು ನೀರಿಟ್ಟದ್ದಕ್ಕೆ. ಇನ್ನೊಂದು, ಯಾಕೆ ಅಂತ ಆಮೇಲೆ ಬರುತ್ತದೆ.

ವಿಷಯವನ್ನು ಬಿಡಿಸಿ ಹೇಳಿದ್ದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಮಗಳ ಹಳೇ ಕನ್ನಡ ಮಾಷ್ಟ್ರು. ಟಿಕೆಟಿನ ಹಿಂದೆ ಲೆಕ್ಕ ಬರೆದು ತೋರಿಸಿದರು. ಹಿಂದುಳಿದವರು ಅಥವಾ ಅಲ್ಪಸಂಖ್ಯಾತರು ನಡೆಸುವ ಏಡೆಡ್ ಶಾಲೆಯಲ್ಲಿ 50 ಸೀಟಿನ ಒಂದು ಬ್ಯಾಚು ಅಂತ ಇಟ್ಟುಕೊಳ್ಳಿ. ಅದರಲ್ಲಿ 20 ಶೇಕಡಾ, ಅಂದರೆ 10 ಸೀಟು, ಮ್ಯಾನೇಜ್‌ಮೆಂಟಿನದ್ದು. ಅದನ್ನು ಯಾರಿಗೆ ಕೊಡಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಇನ್ನು 10 ಅವರ ಸಮುದಾಯದ ಮಕ್ಕಳಿಗೆ. ಪರಿಶಿಷ್ಟ ಜಾತಿಗೆ 12 ಶೇಕಡಾ, ಪರಿಶಿಷ್ಟ ವರ್ಗಕ್ಕೆ 8. ಉಳಿದ 20 ಸೀಟು ಎಲ್ಲರಿಗೂ, ಬರೇ ಮೆರಿಟಿನ ಮೇಲೆ, ಮತ್ತು ಅದನ್ನು ಹಂಚುವುದು ಶಾಲೆ ಅಲ್ಲ, ಸರಕಾರದ ಏಕಜಾಲಕ, ಅಂದರೆ ಎಲ್ಲ ಶಾಲೆಗೂ ಒಂದೇ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ. "ಆ ಇಪ್ಪತ್ತಕ್ಕೆ ನಿನ್ನ ಮಗಳು ನಿಲ್ಲಲಿ. ಅಲ್ಲಿ ಫಾದರೂ ಇಲ್ಲ, ಸಿಸ್ಟರೂ ಇಲ್ಲ, ಕಂಪ್ಯೂಟರ್ ಮಾತ್ರ" ಅಂದರು. ನಮ್ಮ ಮಲಬಾರಿನ ಕಡೆ ಸೀಟು ಸಾಲದೆ ಸರಕಾರಿ ಶಾಲೆಯಲ್ಲಿ 30 ಶೇಕಡಾ, ಏಡೆಡ್‌ನಲ್ಲಿ 20 ಶೇಕಡಾ ಹೆಚ್ಚು ತುಂಬುತ್ತಾರೆ, ಹಾಗಾಗಿ 50ರ ಕ್ಲಾಸಿನಲ್ಲಿ 60 ಮಕ್ಕಳು ಇರುತ್ತಾರೆ ಅಂತಲೂ ಹೇಳಿದರು. ಬೆಂಚಿನಲ್ಲಿ ಜಾಗ ಸಾಲುವುದಿಲ್ಲ ಅಂತ ಮಗಳು ಈಗ ದಿನಾ ಹೇಳುವುದು ಅದೇ.

ನಾದಿನಿಯದ್ದು ಬೇರೆಯೇ ರಾಗ. ಮಂಗಳೂರಿಗೆ ಕಳಿಸು, ಅಲ್ಲಿ ಪಿಯುಸಿ, ಕನ್ನಡವೂ ಸಿಗುತ್ತದೆ, 1880ರಲ್ಲಿ ಶುರುವಾದ ಅಲೋಶಿಯಸ್‌ನಂಥ ಕಾಲೇಜುಗಳು ಉಂಟು, ಮಂಜೇಶ್ವರದಿಂದ ರೈಲಿನಲ್ಲಿ ಎಷ್ಟು ಮಕ್ಕಳು ಹೋಗುವುದಿಲ್ಲ ಅಂತ. ಹೋಗುತ್ತಾರೆ, ನಿಜ. ನನ್ನ ಕೈ ಅಷ್ಟು ಉದ್ದ ಇಲ್ಲ. ಆ ಮಾತು ಅಲ್ಲಿಗೆ ಬಿಟ್ಟೆವು.

2025ರ ಮೇ 9ಕ್ಕೆ ಫಲಿತಾಂಶ. ಏಳು ಎ ಪ್ಲಸ್, ಮೂರು ಎ. ಕೇರಳದ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮಾರ್ಕು ಇರುವುದಿಲ್ಲ, ಗ್ರೇಡ್ ಮಾತ್ರ. 89 ತೆಗೆದವಳೂ ಎ, 80 ತೆಗೆದವಳೂ ಎ. ಅದು ಸರಿಯೋ ತಪ್ಪೋ, ಮಗಳಿಗೆ ಕೇಳಿದರೆ ಒಂದು ಗಂಟೆ ಭಾಷಣ ಮಾಡುತ್ತಾಳೆ.

ಅರ್ಜಿ ಮೇ 14ರಿಂದ 20ರವರೆಗೆ. ಎಲ್ಲ ಸರಕಾರಿ, ಏಡೆಡ್ ಹೈಯರ್ ಸೆಕೆಂಡರಿಗಳಲ್ಲಿ ಹೆಲ್ಪ್‌ಡೆಸ್ಕ್ ಇರುತ್ತದೆ, ಅಲ್ಲಿ ದುಡ್ಡಿಲ್ಲದೆ ಅರ್ಜಿ ಹಾಕಿ ಕೊಡುತ್ತಾರೆ. ಇದು ಗೊತ್ತಿಲ್ಲದೆ ನಾನು ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಂತೆ. ಲಾಗಿನ್ ಮಾಡಲು ಫೋನಿಗೆ ಒಟಿಪಿ ಬರಬೇಕು. ನಂಬರ್ ಕೊಟ್ಟದ್ದು ನನ್ನ ಗಂಡನದ್ದು. ಅವರು ಆ ಹೊತ್ತಿಗೆ ಅಡಿಕೆಗೆ ಮದ್ದು ಬಿಡುವ ಕೆಲಸಕ್ಕೆ ಹೋಗಿ ಮರದ ತುದಿಯಲ್ಲಿ, ಫೋನು ತೋಟದ ಬದಿಯಲ್ಲಿ ಅಂಗಿಯ ಕಿಸೆಯಲ್ಲಿ. ಮೂರು ಸಲ ಒಟಿಪಿ ಬಂದು ಹೋಯಿತು. ನಾಲ್ಕನೇ ಸಲಕ್ಕೆ ತೋಟದ ಯಜಮಾನರ ಹೆಂಡತಿ ಫೋನ್ ಎತ್ತಿ ನಂಬರ್ ಓದಿ ಹೇಳಿದರು, ಅದೂ ತುಳುವಿನಲ್ಲಿ. ಕೇಂದ್ರದ ಹುಡುಗಿಗೆ ತುಳು ಬರುತ್ತಿದ್ದದ್ದು ನಮ್ಮ ಪುಣ್ಯ. ಮನೆಯಲ್ಲಿ ಯಾರ ಕೈಯಲ್ಲಿ ಹಗಲಿಡೀ ಫೋನು ಇರುತ್ತದೋ ಅವರ ನಂಬರನ್ನೇ ಕೊಡಿ.

ಈಗ ಆಪ್ಶನ್. ಒಂದು ಶಾಲೆ, ಒಂದು ವಿಷಯಗಳ ಗುಂಪು, ಎರಡೂ ಸೇರಿ ಒಂದು ಆಪ್ಶನ್. ಮಗಳಿಗೆ ನರ್ಸಿಂಗ್ ಮಾಡಬೇಕು, ಹಾಗಾಗಿ ಜೀವಶಾಸ್ತ್ರ ಇರುವ ಗುಂಪು, ಅದರ ಕೋಡ್ ನಂಬರ್ 01. ಗಣಿತದ ಜೊತೆ ಕಂಪ್ಯೂಟರ್ ಇರುವುದು 05, ಅದು ಬೇಡ. ಅರ್ಜಿಯಲ್ಲಿ ಮೊದಲು ಇಗರ್ಜಿ ಶಾಲೆಯ 01, ಎರಡನೆಯದಾಗಿ ನಮ್ಮ ಪಂಚಾಯತಿನ ಸರಕಾರಿ ಶಾಲೆಯ 01, ಆಮೇಲೆ ಇನ್ನೂ ಐದಾರು. ಮೊದಲನೆಯದಕ್ಕೆ ಇಗರ್ಜಿ ಶಾಲೆ ಯಾಕೆ? ಲ್ಯಾಬ್ ಒಳ್ಳೆಯದು, ರಿಸಲ್ಟ್ ಒಳ್ಳೆಯದು, ಶಿಸ್ತು ಅಂತ ಎಲ್ಲರೂ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಅದೆಲ್ಲಕ್ಕಿಂತ ಮೊದಲು, ಇನ್ನೊಬ್ಬರ ಮಕ್ಕಳಿಗೆ ಹತ್ತು ವರ್ಷ ಹೊಲಿದ ಕೋಟನ್ನು ನನ್ನ ಮಗಳ ಮೈಮೇಲೆ ನೋಡಬೇಕು ಅಂತ ನನಗೆ ಆಸೆ ಇತ್ತು. ಆಪ್ಶನ್ ಕೊಡುವಾಗ ಇಂಥದ್ದನ್ನು ಬದಿಗಿಡಬೇಕು. ನಾನು ಇಡಲಿಲ್ಲ.

ಕಂಪ್ಯೂಟರ್ ರ‍್ಯಾಂಕ್ ಮಾಡುವುದು ಡಬ್ಲ್ಯೂಜಿಪಿಎ ಅನ್ನುವ ಒಂದು ಲೆಕ್ಕದ ಮೇಲೆ. ಎ ಪ್ಲಸ್‌ಗೆ 9, ಎ ಗೆ 8, ಬಿ ಪ್ಲಸ್‌ಗೆ 7, ಹೀಗೆ ಇಳಿಯುತ್ತಾ ಹೋಗುತ್ತದೆ. ನೀವು ಕೇಳುವ ಗುಂಪಿಗೆ ಯಾವ ವಿಷಯ ಮುಖ್ಯವೋ ಅದರ ಗ್ರೇಡಿಗೆ ತೂಕ ಜಾಸ್ತಿ. ಎಲ್ಲ ಕೂಡಿಸಿ ಸರಾಸರಿ ತೆಗೆದು, ಅದಕ್ಕೆ ಬೋನಸ್ ಅಂಕವನ್ನು ಹತ್ತರಿಂದ ಭಾಗಿಸಿ ಸೇರಿಸುತ್ತಾರೆ. ಬೋನಸ್ ಹೇಗೆ? ಹತ್ತನೇ ಕ್ಲಾಸು ಅದೇ ಶಾಲೆಯಲ್ಲಿ ಓದಿದ್ದರೆ 2. ಶಾಲೆ ನಿಮ್ಮದೇ ಪಂಚಾಯತಿನಲ್ಲಿದ್ದರೆ 2. ನಿಮ್ಮದೇ ತಾಲೂಕು ಆದರೆ 1. ಎರಡು ಬೋನಸ್ ಅಂದರೆ 0.2. ಏನು ಮಹಾ ಅನ್ನಬೇಡಿ. ಎರಡು ಮೂರು ವಿಷಯದಲ್ಲಿ ಎ ಬಂದದ್ದು ಎ ಪ್ಲಸ್ ಆದಷ್ಟು ಉಂಟು ಅದರ ಬಲ. ಸೀಟು ಹೋಗುವುದು, ಬರುವುದು ದಶಾಂಶದ ಆಚೆಯ ಅಂಕೆಗಳಲ್ಲಿ. ಇಗರ್ಜಿ ಶಾಲೆಗೆ ನನ್ನ ಮಗಳು ಪಂಚಾಯತಿನ ಹೊರಗಿನವಳು, ತಾಲೂಕಿನ ಹೊರಗಿನವಳು, ಶಾಲೆಯ ಹೊರಗಿನವಳು. ಅಲ್ಲೇ ಹತ್ತನೇ ಕ್ಲಾಸು ಓದಿದ, ಅದೇ ಊರಿನ ಹುಡುಗಿ ಗ್ರೇಡಿನಲ್ಲಿ ಇವಳಿಗಿಂತ ಸ್ವಲ್ಪ ಹಿಂದೆ ಇದ್ದರೂ ಸಾಲಿನಲ್ಲಿ ಮುಂದೆ. ಇದರಲ್ಲಿ ನನಗೆ ಅನ್ಯಾಯ ಕಾಣಲಿಲ್ಲ. ನಮ್ಮ ಪಂಚಾಯತಿನ ಶಾಲೆಯಲ್ಲಿ ಅದೇ ನಿಯಮ ಇವಳನ್ನು ಮುಂದೆ ತಳ್ಳಿತು.

ಮೇ 24ಕ್ಕೆ ಟ್ರಯಲ್ ಅಲಾಟ್‌ಮೆಂಟ್ (ಅಲಾಟ್‌ಮೆಂಟ್ ಅಂದರೆ ಸೀಟು ಹಂಚಿಕೆ). ಆ ವರ್ಷ ಮಳೆಗಾಲವೂ ಕೇರಳಕ್ಕೆ ಕಾಲಿಟ್ಟದ್ದು ಅದೇ ದಿನ, ಎಂಟು ದಿನ ಮೊದಲು. ಕರೆಂಟು ಇಲ್ಲ, ನೆಟ್‌ವರ್ಕ್ ಇಲ್ಲ, ಮನೆಯ ಹಿಂದಿನ ಗುಡ್ಡ ಹತ್ತಿ ಕೊಡೆಯ ಕೆಳಗೆ ಮಗಳು ನೋಡಿದಳು: ಎರಡನೇ ಆಪ್ಶನ್, ನಮ್ಮ ಸರಕಾರಿ ಶಾಲೆ. ಟ್ರಯಲ್ ಅಂದರೆ ಬರೇ ಅಂದಾಜು. ಅದರಿಂದ ಸೀಟು ಖಾಯಂ ಆಗುವುದಿಲ್ಲ, ಆದರೆ ತಪ್ಪು ತಿದ್ದಲಿಕ್ಕೆ, ಆಪ್ಶನ್ ಮೇಲೆ ಕೆಳಗೆ ಮಾಡಲಿಕ್ಕೆ ಕೊನೆಯ ಅವಕಾಶ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ಬಟ್ಟೆ ಕತ್ತರಿಸುವ ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ ಹಾಗೆ. ಆ ದಿನ ನಾವು ಒಂದು ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ಕರೆಂಟು ಬಂತು, ನಾನು ಮೆಷಿನ್‌ಗೆ ಕೂತೆ.

ಜೂನ್ 2ಕ್ಕೆ ಒಂದನೇ ಅಲಾಟ್‌ಮೆಂಟ್. ಟ್ರಯಲ್‌ನಲ್ಲಿ ಕಂಡದ್ದೇ ಬಂತು. ಮೊದಲನೇ ಆಪ್ಶನ್ ಸಿಕ್ಕಿದರೆ ಫೀಸು ಕಟ್ಟಿ ಖಾಯಂ ಸೇರಲೇಬೇಕು. ಕೆಳಗಿನದ್ದು ಸಿಕ್ಕಿದರೆ ಟೆಂಪರರಿ ಸೇರಬಹುದು: ಸರ್ಟಿಫಿಕೇಟ್ ಕೊಡಬೇಕು, ಫೀಸು ಬೇಡ, ಮೇಲಿನ ಆಪ್ಶನ್‌ಗೆ ಕಾಯಬಹುದು. ಎರಡೂ ಮಾಡದೆ ಮನೆಯಲ್ಲಿ ಕೂತರೆ ಸಾಲಿನಿಂದಲೇ ಹೊರಗೆ. ನಮ್ಮ ಸರಕಾರಿ ಶಾಲೆಯ ಟೀಚರ್ ಕಾಗದ ತೆಗೆದುಕೊಂಡು ಕೇಳಿದರು, "ಮೇಲಿನ ಆಪ್ಶನ್ ಕ್ಯಾನ್ಸಲ್ ಮಾಡಿ ಇಲ್ಲೇ ಖಾಯಂ ಆಗುತ್ತೀಯಾ ಮಗಾ? ಬರೆದುಕೊಟ್ಟರೆ ಆಯಿತು." ಮಗಳು ನನ್ನ ಮುಖ ನೋಡಿದಳು. ನಾನು "ಇರಲಿ ಟೀಚರ್, ಕಾಯುವ" ಅಂದೆ. ಅವರು ಇನ್ನೊಮ್ಮೆ ಹೇಳಿದರು, "ಮೇಲಿನದ್ದು ಬಂತು ಅಂದರೆ ಇಲ್ಲಿಯದ್ದು ತಾನಾಗಿ ಹೋಗುತ್ತದೆ, ಮತ್ತೆ ಬೇಕು ಅಂದರೆ ಸಿಗುವುದಿಲ್ಲ." ಕೇಳಿಸಿಕೊಂಡೆ. ತಲೆಯೊಳಗೆ ಹೋಗಲಿಲ್ಲ.

ಮುಂದಿನ ವಾರ ಎರಡನೇ ಅಲಾಟ್‌ಮೆಂಟ್, ಇಗರ್ಜಿ ಶಾಲೆ ಬಂತು. ಮನೆಯಲ್ಲಿ ಪಾಯಸ. ಮರುದಿನ ಸರಕಾರಿ ಶಾಲೆಯಿಂದ ಕಾಗದ ಬಿಡಿಸಿಕೊಂಡು ಅಲ್ಲಿಗೆ ಓಡಿದೆವು. ಎರಡು ಪುಟದ ಅಲಾಟ್‌ಮೆಂಟ್ ಲೆಟರ್, ಅದಕ್ಕೆ ಅಪ್ಪನೋ ಅಮ್ಮನೋ ಮಗುವೋ ಅಲ್ಲ, ಮಗುವಿನದ್ದೂ ಹೆತ್ತವರದ್ದೂ ಎರಡೂ ಸಹಿ ಬೇಕು. ಎಸ್ಸೆಸ್ಸೆಲ್ಸಿ ಕಾರ್ಡು, ಟಿಸಿ, ಗುಣನಡತೆ ಸರ್ಟಿಫಿಕೇಟು. ನೋಟೀಸ್ ಬೋರ್ಡಿನಲ್ಲಿ ಯಾರು ಯಾವ ಕೋಣೆಗೆ ಹೋಗಬೇಕು ಅಂತ ಅಂಟಿಸಿದ್ದರು, ಪೂರಾ ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಗಳಿಗೂ ಅಷ್ಟೇ, ಅವಳು ಓದಿದ್ದು ಕನ್ನಡ ಮೀಡಿಯಂ. ಬೋರ್ಡಿನ ಎದುರು ಇಬ್ಬರೂ ನಿಂತೆವು, ಜಾತ್ರೆಯಲ್ಲಿ ಕೈಬಿಟ್ಟು ಹೋದವರ ಹಾಗೆ. ವಯಸ್ಸಾದ ಒಬ್ಬ ಸಿಸ್ಟರ್ ಬಂದರು. ಕೇಳದೆಯೇ, ಕೊಂಕಣಿ ಬೆರೆಸಿದ ಕನ್ನಡದಲ್ಲಿ ಒಂದೊಂದೇ ಸಾಲು ಬೆರಳಿಟ್ಟು ಓದಿ ಹೇಳಿದರು. ನಮಗೆ ಮಾತ್ರ ಅಲ್ಲ, ಹಿಂದೆ ಬಂದ ಬಾಯಾರಿನ ಕಡೆಯ ಇನ್ನೆರಡು ಮನೆಯವರಿಗೂ. ಆಫೀಸಿಗೆ ಕೊಟ್ಟ ಎರಡನೇ ನಕ್ಷತ್ರ ಆ ಸಿಸ್ಟರದ್ದು.

ಕೌಂಟರಿನಲ್ಲಿ ಫಾರಂ ತುಂಬುವಾಗ "ಸೆಕೆಂಡ್ ಲ್ಯಾಂಗ್ವೇಜ್" ಅಂತ ಒಂದು ಕಾಲಂ. ಮಗಳು ಕನ್ನಡ ಅಂತ ಬರೆದಳು. ಅದೇ ಹುಡುಗ, ಎಪ್ರಿಲ್‌ನಲ್ಲಿ ತಲೆ ಎತ್ತದವನು, ಈ ಸಲ ತಲೆ ಎತ್ತಿದ.

"ಕನ್ನಡ ಇಲ್ಲ ಚೇಚೀ. ಮಲಯಾಳಂ, ಹಿಂದಿ."

"ಯಾಕೆ ಇಲ್ಲ?"

"ಇಲ್ಲ."

ಕೇಳಬೇಕಿದ್ದ ಆ ಒಂದು ಪ್ರಶ್ನೆ ಇದೇ. ಗಡಿನಾಡಿನಲ್ಲಿ ಹುಟ್ಟಿ, ಇಷ್ಟು ವರ್ಷ ಕಾಸರಗೋಡು ಕನ್ನಡ, ಕಾಸರಗೋಡು ಕನ್ನಡ ಅಂತ ಭಾಷಣ ಕೇಳಿ, ನವೆಂಬರ್ 1 ಬಂದಾಗ 1956ರ ಕಥೆ ಮಕ್ಕಳಿಗೆ ಹೇಳಿ, ಕೊನೆಗೆ ಮಗಳ ಅರ್ಜಿ ತುಂಬುವಾಗ ಆ ಶಾಲೆಯಲ್ಲಿ ಕನ್ನಡ ಉಂಟಾ ಅಂತ ಕೇಳಲು ಮರೆತವಳು ನಾನು. ಆಮೇಲೆ ಮಾಷ್ಟ್ರಿಗೆ ಹೇಳಿದಾಗ ಅವರು ಬೇಸರದಲ್ಲೂ ನಕ್ಕರು: "ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಮಂಗಳೂರಿನಲ್ಲಿ ತೆಗೆದದ್ದು ಪಾದ್ರಿ ಮೋಗ್ಲಿಂಗ್. ಅದು ಬಾಸೆಲ್ ಮಿಷನ್, ಇವರದ್ದು ಕೆಥೋಲಿಕ್ ಇಗರ್ಜಿ, ಸಂಬಂಧ ಇಲ್ಲ ಬಿಡು. ಆದರೂ ಪಾದ್ರಿಗಳ ಶಾಲೆಯಲ್ಲಿ ಕನ್ನಡ ಇಲ್ಲ ಅಂದರೆ ನನಗೆ ಒಂದು ಥರಾ ಆಗುತ್ತದೆ."

ವಾಪಸು ಹೋಗೋಣ ಅಂದರೆ ದಾರಿ ಇಲ್ಲ. ಸರಕಾರಿ ಶಾಲೆಯ ಸೀಟು ಅಷ್ಟೊತ್ತಿಗೆ ಬೇರೆ ಮಗುವಿಗೆ ಹೋಗಿತ್ತು. ಟೀಚರ್ ಹೇಳಿದ್ದು ಅಕ್ಷರಶಃ ಹಾಗೆಯೇ ಆಯಿತು. ಇಲ್ಲಿ ಸೇರದಿದ್ದರೆ ಎಲ್ಲಿಯೂ ಇಲ್ಲ. ಮಗಳು ಕನ್ನಡ ಅಂತ ಬರೆದದ್ದನ್ನು ಹೊಡೆದು ಹಾಕಿ ಹಿಂದಿ ಅಂತ ಬರೆದಳು. ಪೆನ್ನು ಎರಡು ಸಲ ಆಡಿಸಿ ಹೊಡೆದಳು, ಆ ಗೆರೆ ನನಗೆ ಈಗಲೂ ಕಾಣುತ್ತದೆ. ಪೋರ್ಟಲ್ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ಅದು ಹೇಳಿದ ಹಾಗೆ ನಡೆಯಿತು, ಯಾರ ಶಿಫಾರಸೂ ಕೇಳಲಿಲ್ಲ, ಅರ್ಜಿಗೆ ತೆಗೆದುಕೊಂಡದ್ದು 25 ರೂಪಾಯಿ, ಅದೂ ಸೇರುವಾಗ. ಏಕಜಾಲಕಕ್ಕೆ ನಾಲ್ಕು ನಕ್ಷತ್ರ. ಕನ್ನಡದಲ್ಲಿ ಸೂಚನೆ ಕೊಟ್ಟಿದ್ದರೆ ಐದು ಕೊಡುತ್ತಿದ್ದೆ.

ನೆರೆಮನೆಯ ಬಾಯಮ್ಮನ ಮಗನದ್ದೂ ಹೇಳಬೇಕು, ಯಾಕೆಂದರೆ ತಪ್ಪು ತಿಳಿದವರು ತುಂಬ ಮಂದಿ. ಅವನೂ ಅದೇ ಶಾಲೆಗೆ ಸೇರಿದ, ಕಮ್ಯುನಿಟಿ ಕೋಟಾದಲ್ಲಿ. ಗ್ರೇಡು ನನ್ನ ಮಗಳಿಗಿಂತ ಕಡಿಮೆ. ಊರಿನಲ್ಲಿ "ಫಾದರ್ ಚೀಟಿ ಕೊಟ್ಟರು, ಸೀಟು ಆಯಿತು" ಅಂತ ಮಾತು. ಬಾಯಮ್ಮ ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು ಹೇಳಿದ್ದೇ ಬೇರೆ: "ಅಕ್ಕಾ, ಚೀಟಿಯಿಂದ ಆಗುವುದಾದರೆ ನಾನು ಅಷ್ಟು ಓಡುವುದು ಯಾಕೆ? ನಮ್ಮವರಿಗೂ ರ‍್ಯಾಂಕ್ ಲಿಸ್ಟ್ ಉಂಟು. ನನ್ನವನು ಅದರಲ್ಲಿ ಕೆಳಗಿನಿಂದ ಎರಡನೆಯವ." ಕಮ್ಯುನಿಟಿ ಕೋಟಾಕ್ಕೆ ಏಕಜಾಲಕದ ಅರ್ಜಿ ಸಾಲದು, ಶಾಲೆಯಲ್ಲೇ ಬೇರೆ ಅರ್ಜಿ ಕೊಡಬೇಕು. ಆ ಸಮುದಾಯದ ಮಕ್ಕಳೊಳಗೆ ಅದೇ ಗ್ರೇಡಿನ ಲೆಕ್ಕದಲ್ಲಿ ಪಟ್ಟಿ ಮಾಡುತ್ತಾರೆ. ತಾವು ಕಟ್ಟಿದ ಶಾಲೆಯಲ್ಲಿ ತಮ್ಮ ಮಕ್ಕಳಿಗೆ ಹತ್ತು ಸೀಟು ಅನ್ನುವುದು ನನಗೆ ತಪ್ಪು ಅನ್ನಿಸುವುದಿಲ್ಲ. ನನಗೆ ತಕರಾರು ಇರುವುದು ಬೆಲೆ ಬರೆಯದ ಇನ್ನೊಂದು ಹತ್ತರ ಮೇಲೆ.

ಜೂನ್ 18ಕ್ಕೆ ಕ್ಲಾಸು ಶುರು. ಆಮೇಲೆ ಶಾಲೆ ಬದಲಾಯಿಸಲಿಕ್ಕೆ ಟ್ರಾನ್ಸ್‌ಫರ್ ಅಲಾಟ್‌ಮೆಂಟ್ ಅಂತ ಒಂದು ಉಂಟು, ಸೀಟು ಖಾಲಿ ಇದ್ದರೆ ಅರ್ಜಿ ಕೊಡಬಹುದು. ನಾನು ಅರ್ಜಿ ಕೊಡುವ ಅಂದೆ. ಮಗಳು ಆ ಹೊತ್ತಿಗೆ ಕಪ್ಪೆಯೊಳಗೆ ಏನೇನಿರುತ್ತದೆ ಅಂತ ಚಿತ್ರ ಬರೆದು ಬಣ್ಣ ಹಾಕುತ್ತಾ ಕೂತಿದ್ದಳು. "ಅಮ್ಮ, ಈ ಜುವಾಲಜಿ ಟೀಚರನ್ನು ಬಿಟ್ಟು ನಾನು ಎಲ್ಲಿಗೂ ಬರುವುದಿಲ್ಲ" ಅಂದಳು. "ಮತ್ತೆ ಕನ್ನಡ?" ಅಂದೆ. "ಮನೆಯಲ್ಲಿ ಮಾತಾಡುವುದು ಎಂತದು ಮತ್ತೆ?" ಅಂದಳು. ನನ್ನ ಬಾಯಿ ಕಟ್ಟಿತು, ಒಪ್ಪಿಗೆ ಆಗಲಿಲ್ಲ. ಮನೆಯಲ್ಲಿ ನಾವು ಮಾತಾಡುವುದು ಹೆಚ್ಚು ತುಳು.

ಪಾಠಕ್ಕೆ ನಾಲ್ಕು ನಕ್ಷತ್ರ, ಅದು ಮಗಳು ಕೊಟ್ಟದ್ದು. ಬಸ್ಸಿಗೆ ನಾನು ಕೊಡುವುದು ಒಂದೂವರೆ: ವಿದ್ಯಾರ್ಥಿಗಳ ಕನ್ಸೆಶನ್ ಒಂದು ರೂಪಾಯಿಯಿಂದ ಶುರು ಅನ್ನುವುದು ಒಳ್ಳೆಯದೇ, ಆದರೆ ಒಂದು ರೂಪಾಯಿಯ ಮಕ್ಕಳನ್ನು ಕಂಡರೆ ಕೆಲವು ಬಸ್ಸು ಸ್ಟಾಪಿನಿಂದ ಐವತ್ತು ಮಾರು ದೂರ ಹೋಗಿ ನಿಲ್ಲುತ್ತದೆ.

ಕೋಟು? ಹೊಲಿದೆ. ಜೂನ್‌ನಲ್ಲಿ ಹೊರಗಿನ ಆರ್ಡರೇ ನಲವತ್ತರ ಮೇಲೆ ಇತ್ತು, ಹಾಗಾಗಿ ನನ್ನ ಮಗಳದ್ದು ಎಲ್ಲರಿಗಿಂತ ಕೊನೆಗೆ, 17ರ ರಾತ್ರಿ ಒಂದು ಗಂಟೆಗೆ. ಗುಂಡಿ ಒಂದು ಕಡಿಮೆ ಬಿತ್ತು, ಬೇರೆ ಶೇಡಿನದ್ದು ಹಾಕಿದೆ. ಯಾರಿಗೂ ಕಾಣಲಿಲ್ಲ ಅಂತ ಅಂದುಕೊಂಡಿದ್ದೆ, ನೋಟೀಸ್ ಓದಿ ಹೇಳಿದ ಸಿಸ್ಟರಿಗೆ ಮೊದಲ ದಿನವೇ ಕಂಡಿತಂತೆ.

ಈ ವರ್ಷ ಅರ್ಜಿ ಹಾಕುವವರು ಎಷ್ಟನೇ ಆಪ್ಶನ್ ಏನು ಅಂತ ಕೇಳಲು ಅಂಗಡಿಗೆ ಬಂದರೆ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ, ದುಡ್ಡೇನೂ ಬೇಡ. ಬರುವಾಗ ನಿಮ್ಮ ಪಟ್ಟಿಯಲ್ಲಿರುವ ಒಂದೊಂದು ಶಾಲೆಗೂ ಫೋನ್ ಮಾಡಿ ಕನ್ನಡ ಉಂಟಾ ಅಂತ ಕೇಳಿಯೇ ಬನ್ನಿ. ಮೇ ತಿಂಗಳಲ್ಲೇ ಬನ್ನಿ. ಜೂನ್ ಆದರೆ ಅಳತೆ ಕೊಡುವವರು ಮಾತ್ರ ಒಳಗೆ.